ಹಗ್ಗ ಕಚ್ಚುವ ಹಲ್ಲು

ಇಳಿಬಿಟ್ಟ ಹಗ್ಗವನ್ನು ಬರಿಗೈಯಲ್ಲಿ ಹತ್ತಿ ನೋಡಿ, ನಾಲ್ಕಾಳೆತ್ತರ ಏರುವಷ್ಟರಲ್ಲಿ ತೋಳು ಸೋಲುತ್ತದೆ. ಆಸ್ಟ್ರಿಯಾದ ಕಾರ್ಲ್ ಪ್ರೂಸಿಕ್ 1931ರಲ್ಲಿ ಇದಕ್ಕೊಂದು ಗಂಟನ್ನು ಬಳಕೆಗೆ ತಂದರು. ಮುಖ್ಯ ಹಗ್ಗಕ್ಕೆ ಸಣ್ಣ ಹುರಿಯ ಕುಣಿಕೆಯನ್ನು ಸುತ್ತಿದರೆ ಭಾರ ಬಿದ್ದಾಗ ಬಿಗಿಯುತ್ತದೆ, ಭಾರ ತೆಗೆದರೆ ಮೇಲಕ್ಕೆ ಸರಿಯುತ್ತದೆ. ಇಂಥ ಎರಡು ಕುಣಿಕೆಗಳಿದ್ದರೆ ಒಂದರ ಮೇಲೆ ನಿಂತು ಇನ್ನೊಂದನ್ನು ಸರಿಸುತ್ತ ಏರಬಹುದು. ಆದರೆ ಒದ್ದೆ ಹಗ್ಗದಲ್ಲಿ, ಮರಗಟ್ಟಿದ ಬೆರಳುಗಳಿಂದ ಆ ಗಂಟನ್ನು ಸಡಿಲಿಸುವುದು ಬಲು ಕಷ್ಟ.

ಸ್ವಿಟ್ಜರ್ಲೆಂಡಿನ ಅಡಾಲ್ಫ್ ಯೂಸಿ ಹದ್ದುಗಳ ಅಧ್ಯಯನಕ್ಕಾಗಿ ಕಡಿದಾದ ಬಂಡೆಗಳಲ್ಲಿ ಓಡಾಡಬೇಕಿತ್ತು. ಅವರಿಗಾಗಿ ವಾಲ್ಟರ್ ಮಾರ್ಟಿ ಹಿಡಿಕೆಯಿರುವ ಲೋಹದ ಸಾಧನವೊಂದನ್ನು ರೂಪಿಸಿದರು. 1958ರಲ್ಲಿ ಅದು ಮಾರುಕಟ್ಟೆಗೆ ಬಂತು. ಇಬ್ಬರ ಅಡ್ಡಹೆಸರುಗಳ (Jüsi, Marti) ಮೊದಲಕ್ಷರಗಳನ್ನು ಕೂಡಿಸಿದರೆ 'ಜುಮಾರ್'. ಯಾವ ಕಂಪನಿಯದ್ದಾದರೂ ನಮ್ಮ ಪರ್ವತಾರೋಹಿಗಳ ಬಾಯಲ್ಲಿ ಇಂದಿಗೂ ಅದು ಜುಮಾರೇ. ಮೊದಲ ಜುಮಾರ್‌ಗಳ ಚೌಕಟ್ಟು ಎರಕದ್ದು, ಬಲವಾದ ಪೆಟ್ಟಿಗೆ ಬಿರುಕು ಬಿಡಬಹುದಿತ್ತು. ಮುಂದೆ ಅಲ್ಯೂಮಿನಿಯಂ ತಗಡನ್ನು ಬಾಗಿಸಿ ಮಾಡಿದ ಚೌಕಟ್ಟುಗಳು ಬಂದವು. ಗುಹೆಗಳಿಗಿಳಿಯುವ ಫ್ರೆಂಚರು ಎದೆಗೆ ಕಟ್ಟುವ ಸಾಧನವನ್ನೂ ಸೇರಿಸಿಕೊಂಡರು. ಅಂಥದ್ದೇ ಆದ ಪೆಟ್ಜ್ಲ್ ಕಂಪನಿಯ 'ಕ್ರೋಲ್'ಗೆ ಆ ಹೆಸರು ಬಂದದ್ದು ಕಂಪನಿಯ ಸ್ಥಾಪಕ ಫರ್ನಾಂಡ್ ಪೆಟ್ಜ್ಲ್ ಅಲೆದ ಗುಹೆಗಳಿರುವ ಡಾಂ ದ ಕ್ರೋಲ್ ಬೆಟ್ಟದಿಂದ.

ಇಷ್ಟೆಲ್ಲ ಬದಲಾದರೂ ಒಳಗಿನ ಕೆಲಸ ಒಂದೇ. ಸ್ಪ್ರಿಂಗ್ ಒತ್ತಿದ ಕ್ಯಾಮ್ ಎಂಬ ತಿರುಗುವ ತುಂಡು, ಅದರ ಮೈತುಂಬ ಕೆಳಮುಖದ ಸಣ್ಣ ಹಲ್ಲು. ಮೇಲೆ ತಳ್ಳಿದರೆ ಜಾರುತ್ತದೆ, ಕೆಳಗೆ ಎಳೆದರೆ ಕಚ್ಚುತ್ತದೆ. ಅಪಾಯವಿರುವುದೂ ಈ ಹಲ್ಲಿನಲ್ಲೇ. ಸಾಧನ ಹೊರುವುದು ತೂಗುವ ದೇಹದ ಭಾರವನ್ನು, ಬೀಳುವ ದೇಹದ ಏಟನ್ನಲ್ಲ. ಸುಮಾರು 400 ಕಿಲೋ ತೂಕದಷ್ಟು ಜಗ್ಗು ದಾಟಿದರೆ ಹಲ್ಲು ಹಗ್ಗದ ಹೊರಕವಚವನ್ನೇ ಹರಿಯಬಹುದು. ಹಾಗಾಗಿ ಜುಮಾರ್‌ಗಿಂತ ಮೇಲೇರಿ ನಿಲ್ಲಬಾರದು, ಸೊಂಟದಿಂದ ಅದಕ್ಕೆ ಹೋಗುವ ಹಗ್ಗ ಸಡಿಲವಾಗಿ ಜೋತುಬೀಳಬಾರದು. ಒಂದೇ ಸಾಧನಕ್ಕೆ ಜೀವ ಒಪ್ಪಿಸಲೇಬಾರದು. ಓರೆಯಾಗಿ ಕಟ್ಟಿದ ಹಗ್ಗದಲ್ಲಿ ಜುಮಾರ್ ತಿರುಚಿಕೊಂಡು ಕಳಚುವುದುಂಟು. ಮೇಲಿನ ತೂತಿಗೆ ಕ್ಯಾರಬೈನರ್ (ಬಾಯಿ ತೆರೆದು ಮುಚ್ಚುವ ಲೋಹದ ಕೊಂಡಿ) ಹಾಕಿ ಹಗ್ಗವನ್ನೂ ಅದರೊಳಗೆ ಸೇರಿಸಿದರೆ ಆ ಭಯವಿಲ್ಲ. ಒಂದೆರಡು ಗೇಣು ಇಳಿಯಬೇಕಾದರೆ ಭಾರ ತೆಗೆದು ಕ್ಯಾಮನ್ನು ಮಾತ್ರ ಬೆರಳಿನಿಂದ ತುಸು ಸರಿಸಬೇಕು. ಆತುರದಲ್ಲಿ ಕ್ಯಾಮನ್ನು ಪೂರ್ತಿ ತೆರೆಯುವ ಲಾಕನ್ನೇ ಎಳೆದರೆ ಹಗ್ಗ ಹೊರಬರುತ್ತದೆ.

ಆರೈಕೆ ದೊಡ್ಡ ವಿದ್ಯೆಯಲ್ಲ, ಆದರೆ ಅದನ್ನು ಮುಂದೂಡುವವರನ್ನು ಕಂಡರೆ ನನಗೆ ಕಳವಳವಾಗುತ್ತದೆ. ಕೆಸರೋ ಹಿಮವೋ ಸಂದುಗಳಲ್ಲಿ ತುಂಬಿಕೊಂಡರೆ ಹಲ್ಲಿಗೆ ಹಗ್ಗವೇ ಸಿಗುವುದಿಲ್ಲ. ಹಳೆಯ ಟೂತ್‌ಬ್ರಷ್‌ನಿಂದ ಒಂದೊಂದು ಸಾಲನ್ನೂ ಉಜ್ಜಿ, ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ. ಕೀಲಿಗೆ ತೊಟ್ಟು ಎಣ್ಣೆ ಸಾಕು. ಹಲ್ಲಿಗೂ ಹಗ್ಗಕ್ಕೂ ಅದು ತಾಗಕೂಡದು. ಕ್ಯಾಮನ್ನು ತೆರೆದು ಬಿಟ್ಟಾಗ ಟಕ್ಕೆಂದು ತಾನೇ ಮುಚ್ಚಬೇಕು. ಹಗ್ಗ ಉಜ್ಜಿ ಚೌಕಟ್ಟಿನಲ್ಲಿ ಬಿದ್ದ ಗೆರೆಯ ಆಳವನ್ನು ಉಗುರಿನಿಂದ ತಡವಿ ನೋಡಿ. ಆ ಗೆರೆ ಆಳವಾಗಿದ್ದರೆ, ಹಲ್ಲಿನ ತುದಿ ಸವೆದಿದ್ದರೆ, ಅಥವಾ ನೆಲದ ಮೇಲೇ ನಿಂತು ಹಗ್ಗಕ್ಕೆ ಹಾಕಿ ಎಳೆದು ನೋಡಿದಾಗ ಒಂದಂಗುಲ ಜಾರಿದರೂ, ಜುಮಾರನ್ನು ಚೀಲಕ್ಕೆ ಮರಳಿಸಬೇಡಿ. ಇನ್ನೊಬ್ಬರು ಎತ್ತಿಕೊಳ್ಳದ ಹಾಗೆ ಗರಗಸದಿಂದ ಎರಡು ತುಂಡು ಮಾಡಿ ಗುಜರಿಗೆ ಹಾಕಿ.