ಅಗರದ ಸಂಸರು ಮತ್ತು ರೋಮನರ ಮೆಟ್ಟಿಲುಗಳು

ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂಬದಿಯ ಬಯಲು ರಂಗಮಂದಿರಕ್ಕೆ 'ಸಂಸ' ಎಂದು ಹೆಸರು. ಅದು 1898ರಲ್ಲಿ ಯಳಂದೂರು ತಾಲ್ಲೂಕಿನ ಅಗರದಲ್ಲಿ ಹುಟ್ಟಿದ ನಾಟಕಕಾರ ಸಾಮಿ ವೆಂಕಟಾದ್ರಿ ಅಯ್ಯರ್ ಅವರ ಕಾವ್ಯನಾಮವೆಂಬುದು ಕೊಳ್ಳೇಗಾಲ, ಹನೂರಿನ ಕಡೆಯವರಲ್ಲಿ ಎಷ್ಟು ಮಂದಿಗೆ ನೆನಪಿದೆಯೋ! ಮೈಸೂರು ಅರಸರ ಇತಿಹಾಸವನ್ನು ರಂಗಕ್ಕೆ ತಂದವರು ಅವರು.

ಅಲ್ಲಿ ನಾವು ಕೂರುವ ಮೆಟ್ಟಿಲುಗಳ ವಂಶಾವಳಿ ಮಾತ್ರ ಇನ್ನೂ ಹಳೆಯದು. ಗ್ರೀಕರು ಗುಡ್ಡದ ಇಳಿಜಾರಿನಲ್ಲಿ ಆಸನಗಳನ್ನು ಕಡಿದರು. ರೋಮನರು ಕಮಾನಿನ ಮೇಲೆ ಕಮಾನು ಕಟ್ಟಿ ಸಮತಟ್ಟು ನೆಲದಲ್ಲೇ ಆ ಇಳಿಜಾರನ್ನು ಎಬ್ಬಿಸಿದರು. ರೋಮ್ ನಗರದ ಮೊದಲ ಶಾಶ್ವತ ಕಲ್ಲಿನ ರಂಗಮಂದಿರ ಕ್ರಿ.ಪೂ. 55ರಲ್ಲಿ ಪಾಂಪೆ ಕಟ್ಟಿಸಿದ್ದು. ಅರ್ಧವೃತ್ತದಲ್ಲಿ ಏರುವ ಆಸನಗಳು, ಅವುಗಳ ಬುಡದಲ್ಲಿ ಅರ್ಧಚಂದ್ರದಂಥ ಅಂಗಳ, ಎದುರಿಗೆ ಉದ್ದನೆಯ ವೇದಿಕೆ, ಅದರ ಹಿಂದೆ ಕಂಬಗಳ ಸಾಲಿನಿಂದ ಸಿಂಗರಿಸಿದ ಎತ್ತರದ ಗೋಡೆ. ವಾಸ್ತುಶಿಲ್ಪಿ ವಿಟ್ರೂವಿಯಸ್ ಇದಕ್ಕೆಲ್ಲ ಲೆಕ್ಕ ಬರೆದಿಟ್ಟಿದ್ದಾನೆ. ವೇದಿಕೆ 5 ಅಡಿ ಮೀರಬಾರದು, ಅಂಗಳದಲ್ಲಿ ಕುಳಿತವರಿಗೆ ನಟರ ಚಲನೆ ಕಾಣಬೇಕು. ಕೊನೆಯ ಸಾಲಿನ ಮೇಲಣ ಚಾವಣಿ ಎದುರಿನ ಗೋಡೆಯಷ್ಟೇ ಎತ್ತರವಿರಬೇಕು, ಇಲ್ಲವಾದರೆ ದನಿ ಮೇಲಿನವರಿಗೆ ಮುಟ್ಟುವ ಮೊದಲೇ ಚದುರಿಹೋಗುತ್ತದೆ.

ಅಂಗಳದಲ್ಲಿ ಕೂರುತ್ತಿದ್ದವರು ಸೆನೆಟ್ ಸದಸ್ಯರು. ಅವರ ಹಿಂದಿನ 14 ಸಾಲುಗಳನ್ನು ಕ್ರಿ.ಪೂ. 67ರ ಕಾನೂನು 'ಅಶ್ವಾರೋಹಿ' ವರ್ಗದ ಸಿರಿವಂತರಿಗೆ ಮೀಸಲಿಟ್ಟಿತ್ತು. ಬಡವರು, ಹೆಂಗಸರು, ಗುಲಾಮರಿಗೆ ಮೇಲ್ತುದಿಯ ಜಾಗ. ಕೊಳ್ಳೇಗಾಲ ಸೀಮೆಯಲ್ಲಿ ಕಂಸಾಳೆಯವರು ಮಹದೇಶ್ವರನ ಕಥೆಯನ್ನೂ ನೀಲಗಾರರು ಮಂಟೇಸ್ವಾಮಿಯ ಕಥೆಯನ್ನೂ ಹಾಡುವಾಗ ಇಂಥ ಕಟ್ಟಡವೇನೂ ಬೇಕಾಗಲಿಲ್ಲ, ಜನ ಸುತ್ತ ನೆರೆದರೆ ಅದೇ ರಂಗ. ಹಾಗೆಂದು ನಾವು ಬೀಗಬೇಕಿಲ್ಲ. ಜಾತಿ ನೋಡಿ ದೂರ ಕೂರಿಸಿದ್ದು ನಮ್ಮ ಊರುಗಳಲ್ಲೂ ಉಂಟು. ಸಭೆ ಸಮಾರಂಭಗಳ ಮುಂದಿನ ಸಾಲಿನ ಸೋಫಾಗಳು ಇವತ್ತಿಗೂ ಗಣ್ಯರಿಗೇ ಮೀಸಲು!

1972ರಲ್ಲಿ ಬಿ.ವಿ. ಕಾರಂತರು ಕಲಾಕ್ಷೇತ್ರದ ಹಿಂದಿನ ಆ ಬಯಲಿನಲ್ಲೇ 'ಜೋಕುಮಾರಸ್ವಾಮಿ', 'ಸಂಕ್ರಾಂತಿ'ಗಳ ಜೊತೆಗೆ ಲಂಕೇಶರು ಕನ್ನಡಕ್ಕೆ ತಂದ 'ಈಡಿಪಸ್' ನಾಟಕವನ್ನು ಆಡಿಸಿದರು. ಗ್ರೀಕರ ಗುಡ್ಡದ ನಾಟಕ ಹೀಗೆ ಮತ್ತೆ ಆಕಾಶದ ಕೆಳಗೆ ಬಂತು.

ರೋಮನರ ಇಂಥ ಮಂದಿರಗಳಲ್ಲಿ ಹೆಚ್ಚಿನವು ಪಾಳುಬಿದ್ದವು, ಕಲ್ಲುಗಳು ಬೇರೆ ಕಟ್ಟಡಗಳಿಗೆ ಹೋದವು. ಸಿರಿಯಾದ ಬುಸ್ರಾ ಪಟ್ಟಣದಲ್ಲಿ 2ನೇ ಶತಮಾನದ ಕಪ್ಪು ಕಲ್ಲಿನ ಮಂದಿರವೊಂದು ಬಹುಮಟ್ಟಿಗೆ ಇಡಿಯಾಗಿ ಉಳಿದಿದೆ. ಕಾರಣ, 13ನೇ ಶತಮಾನದಲ್ಲಿ ಅಯ್ಯೂಬಿ ಸುಲ್ತಾನರು ಅದನ್ನು ಒಳಗಿಟ್ಟುಕೊಂಡು ಕೋಟೆಯನ್ನು ಬೆಳೆಸಿದರು. ಅವರಿಗೆ ಬೇಕಿದ್ದುದು ನಾಟಕವಲ್ಲ, ರಕ್ಷಣೆ. ಆದರೂ ಉಳಿದದ್ದು ರಂಗಮಂದಿರ. ಅಂತರ್ಯುದ್ಧದ ನಡುವೆ, 2013ರಲ್ಲಿ, ಯುನೆಸ್ಕೋ ಬುಸ್ರಾವನ್ನು ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಸೇರಿಸಿತು.

ಸಂಸರ ಬರಹಗಳಿಗೆ ಅಂಥ ಕೋಟೆ ಸಿಗಲಿಲ್ಲ. ಪೊಲೀಸರು ಬೆನ್ನಟ್ಟುತ್ತಿದ್ದಾರೆಂಬ ಭಯದಲ್ಲೇ ಬದುಕಿ 1939ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಬರೆದದ್ದು 23 ನಾಟಕಗಳೆನ್ನುತ್ತಾರೆ. 'ಸುಗುಣ ಗಂಭೀರ', 'ವಿಗಡ ವಿಕ್ರಮರಾಯ', 'ಬೆಟ್ಟದ ಅರಸು' ಸೇರಿ ನಮ್ಮ ಕೈಗೆ ಸಿಕ್ಕಿರುವುದು ಆರು.