ಪತ್ರಿಕೆಯ ಜೊತೆ ಬಂದ ಲಿನಕ್ಸ್

ದಾವಣಗೆರೆಯ ನಮ್ಮ ಹಾಸ್ಟೆಲಿಗೆ ಲಿನಕ್ಸ್ ಬಂದದ್ದು ಪತ್ರಿಕೆಯ ಮಡಿಕೆಯೊಳಗೆ. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆದ ಕರ್ನೆಲ್, ಅಂದರೆ ಈ ಕಾರ್ಯಾಚರಣಾ ವ್ಯವಸ್ಥೆಯ ತಿರುಳು, ಹೊರದೇಶಗಳಲ್ಲಿ ನೆಟ್‌ವರ್ಕಿನ ಮೇಲೆ ಹಬ್ಬಿತು. ನಮ್ಮಲ್ಲಿ 1996ರ ಮಾರ್ಚಿನಲ್ಲಿ ಪಿಸಿಕ್ವೆಸ್ಟ್ ಪತ್ರಿಕೆ ಸ್ಲ್ಯಾಕ್‌ವೇರ್ ಲಿನಕ್ಸಿನ ಸೀಡಿಯನ್ನು ಸಂಚಿಕೆಯ ಜೊತೆಗೇ ಕೊಟ್ಟಿತು. ಅದರ ಹಿಂದೆ ದುಡಿದವರು ಬೆಂಗಳೂರಿನ ಅತುಲ್ ಚಿಟ್ನಿಸ್. ಮುಂದಿನ ವರ್ಷಗಳಲ್ಲೂ ಸೀಡಿಗಳು ಬರುತ್ತಲೇ ಹೋದವು. ನಮಗೆ ಸಿಗುತ್ತಿದ್ದದ್ದು ಒಂದೇ ಪ್ರತಿ. ರೂಮಿನಿಂದ ರೂಮಿಗೆ ಅಲೆದು, ಗೀರು ಬಿದ್ದು ವಾಪಸಾಗುತ್ತಿತ್ತು.

ಬೇರೆ ಸಾಫ್ಟ್‌ವೇರ್ ನಕಲು ಮಾಡುವಾಗ ಒಳಗೊಳಗೇ ಅಳುಕು. ಲಿನಕ್ಸಿನ ಪರವಾನಗಿಯಾದ ಜಿಪಿಎಲ್ ಮಾತ್ರ ನಕಲು ಮಾಡಿ ಹಂಚಿ, ಬಿಚ್ಚಿ ನೋಡಿ, ತಿದ್ದಿ, ತಿದ್ದಿದ್ದನ್ನು ಹಂಚುವುದಾದರೆ ಸೋರ್ಸ್ ಕೋಡನ್ನೂ ಕೊಡಿ ಎನ್ನುತ್ತಿತ್ತು. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆ ಘೋಷಿಸಿದಾಗಿನಿಂದ ಬೆಳೆಸಿದ ವಿಚಾರ ಇದು. 56 ಕೆಬಿಪಿಎಸ್ ಮೋಡೆಮಿನಲ್ಲಿ 700 ಎಂಬಿ ಇಳಿಸಲು ಹಗಲು ರಾತ್ರಿ ಸೇರಿದರೂ ಸಾಲದು, ಜೊತೆಗೆ ಫೋನ್ ಬಿಲ್ಲು. ಹಾಗಾಗಿ ಸೀಡಿ ಹಂಚುವುದೇ ನಮ್ಮ ಪದ್ಧತಿಯಾಯಿತು. ಮುಂದೆ ಉಬುಂಟು ಎಂಬ ಲಿನಕ್ಸ್ ಆವೃತ್ತಿ ಕೇಳಿದವರ ಮನೆಗೇ ಅಂಚೆಯಲ್ಲಿ ಪುಕ್ಕಟೆ ಸೀಡಿ ಕಳಿಸಿತು. ಅದು 2011ರವರೆಗೆ ನಡೆಯಿತು.

ಸೀಡಿ ಸಿಕ್ಕರೆ ಆಯಿತೇ? ಮಾನಿಟರ್ ಎಷ್ಟು ಕಿಲೋಹರ್ಟ್ಸ್ ತಡೆಯುತ್ತದೆ ಎಂದು ಅದರ ಪುಸ್ತಕದಲ್ಲಿ ಹುಡುಕಿ, ಕೈಯಾರೆ ಫೈಲಿಗೆ ಬರೆದರೆ ಮಾತ್ರ ಪರದೆಯ ಮೇಲೆ ಚಿತ್ರ ಮೂಡುತ್ತಿತ್ತು. ವಿಂಡೋಸಿಗೆಂದೇ ಮಾಡಿದ ಅಗ್ಗದ ವಿನ್‌ಮೋಡೆಮ್‌ಗಳು ಓಗೊಡುತ್ತಿರಲಿಲ್ಲ. ಇದನ್ನು ದಾಟಿಸಲು ಯಾರಾದರೂ ಪಕ್ಕದಲ್ಲಿ ಕೂರಬೇಕಿತ್ತು, ಕೂರುತ್ತಿದ್ದರು. 2001ರಲ್ಲಿ ಶುರುವಾದ ಲಿನಕ್ಸ್ ಬೆಂಗಳೂರು ಸಮ್ಮೇಳನ, 2005ರಿಂದ ಫಾಸ್ ಡಾಟ್ ಇನ್ ಎಂಬ ಹೆಸರಿನಲ್ಲಿ, ಅಂಥವರನ್ನೆಲ್ಲ ಒಂದು ಸೂರಿನಡಿ ತಂದಿತು.

ನನ್ನನ್ನು ಹೆಚ್ಚು ಕಾಡಿದ್ದು ಕನ್ನಡ. ಕನ್ನಡ ಟೈಪಿಸುವ ಬರಹ, ನುಡಿ ತಂತ್ರಾಂಶಗಳೆರಡೂ ವಿಂಡೋಸಿಗೆ ಇದ್ದವು. ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ ಜಾಗ ಸಿಕ್ಕಿತ್ತು ನಿಜ. ಆದರೆ ಒತ್ತಕ್ಷರವನ್ನು ಕೆಳಗಿಳಿಸಿ ಕೂರಿಸುವುದು ಬೇರೆಯೇ ಕೆಲಸ. ಅದಕ್ಕೆ ಅಕ್ಷರಗಳನ್ನು ಜೋಡಿಸುವ ಪ್ಯಾಂಗೋದಂಥ ತಂತ್ರಾಂಶವೂ ಅದಕ್ಕೆ ಹೊಂದುವ ಫಾಂಟೂ ಬೇಕು. ಅವು ಪಳಗುವ ತನಕ ‘ಕನ್ನಡ’ ಎಂಬ ಪದವೇ ಪರದೆಯ ಮೇಲೆ ‘ಕನ್‌ನಡ’ ಎಂದು ಒಡೆದು ನಿಲ್ಲುತ್ತಿತ್ತು. ಸೋರ್ಸ್ ತೆರೆದಿದ್ದರಿಂದ ನಮ್ಮವರು ಕಾಯುತ್ತ ಕೂರಲಿಲ್ಲ. ಕೇದಗೆ, ಮಲ್ಲಿಗೆ ಫಾಂಟುಗಳು ಬಂದವು, ರೆಡ್ ಹ್ಯಾಟ್ ಕಂಪನಿಯಿಂದ ಲೋಹಿತ್ ಬಂತು, ಆಮೇಲೆ ಗುಬ್ಬಿ, ನವಿಲು. ‘ಸೂರ್ಯ’ದಲ್ಲಿ ಅರ್ಕಾವತ್ತು ಬೇಕು, ‘ರ‍್ಯಾಂಕ್’ನಲ್ಲಿ ಬೇಡ, ಎರಡನೆಯದಕ್ಕೆ ರಕಾರದ ಬೆನ್ನಿಗೇ ಕಣ್ಣಿಗೆ ಕಾಣದ ಒಂದು ಜೋಡಕ ಹಾಕಬೇಕು. ಇಷ್ಟು ಸಣ್ಣ ಸಂಗತಿಯೂ ಸರಿಯಾಗಿ ಮೂಡಬೇಕೆಂದು ಬಿಡುವಿನಲ್ಲಿ ಕೂತು ದೋಷ ಹುಡುಕಿ ವರದಿ ಮಾಡಿದವರಿದ್ದಾರೆ. ಕನ್ನಡ ಪುಸ್ತಕಗಳ ಅರ್ಪಣೆಯ ಪುಟಗಳಲ್ಲಿ ಅವರ ಹೆಸರೂ ಇರಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಕೂಡ ಕಗಪ ಎಂಬ ಹೆಸರಿನಲ್ಲಿ ಈಗ ಲಿನಕ್ಸಿನೊಳಗೇ ಇದೆ. ಈ ಬರಹ ಅದರಲ್ಲೇ ಟೈಪಾಗುತ್ತಿದೆ.

ಹಳೆಯ ಫೈಲುಗಳದ್ದು ಇನ್ನೂ ಮುಗಿಯದ ಕೆಲಸ. ಹೋದ ವರ್ಷ ನಮ್ಮ ಬೀದಿಯ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ತಾವು ಸಂಗ್ರಹಿಸಿದ ಸೋಬಾನೆ ಪದಗಳ ಫೈಲು ತಂದರು. ಯೂನಿಕೋಡ್ ಪೂರ್ವದ ಫಾಂಟಿನಲ್ಲಿ ಮಾಡಿದ್ದು. ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. “ಇದು ಹೋದಂಗೇ ಏನಪ್ಪಾ?” ಎಂದರು. “ಇಲ್ಲ ಸಾರ್, ಒಳಗೇ ಇದೆ” ಎಂದೆ. ಯಾರೋ ಬರೆದು ಹಂಚಿದ್ದ ಪರಿವರ್ತಕ ಓಡಿಸಿದಾಗ ಪದಗಳು ಎದ್ದು ಬಂದವು, ಅರ್ಕಾವತ್ತು ಇದ್ದವನ್ನು ಬಿಟ್ಟು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತಿತ್ತು, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಆ ಸಾಲುಗಳನ್ನು ತಿದ್ದಿ, ತಿದ್ದಿದ್ದನ್ನು ಮೂಲ ಬರೆದವರಿಗೂ ಕಳಿಸಿದೆ. ಮೇಷ್ಟ್ರು ಈಗ ಮಿಕ್ಕ ಫ್ಲಾಪಿಗಳನ್ನು ಹುಡುಕುತ್ತಿದ್ದಾರೆ.