ಯೋಧರ ಛಾಯಾಚಿತ್ರಗಳು: ಓದಬೇಕಾದುದು ಎಲ್ಲಿದೆ?

ಅಂಕಲಗಿ, ಗೋಕಾಕ ಭಾಗದ ಹಳೆಯ ಮನೆಗಳ ಪಡಸಾಲೆಗಳಲ್ಲಿ ಎರಡು ಬಗೆಯ ಛಾಯಾಚಿತ್ರಗಳು ಕಣ್ಣಿಗೆ ಬೀಳುತ್ತವೆ. ಒಂದು, 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜಿನದೋ 1933ರ ಬೆಳಗಾವಿಯ ಲಿಂಗರಾಜ ಕಾಲೇಜಿನದೋ ಗುಂಪುಚಿತ್ರ. ಇನ್ನೊಂದು, ಸಮವಸ್ತ್ರ ತೊಟ್ಟ ತರುಣನ ಒಂಟಿ ಚಿತ್ರ. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರವು ಬೆಳಗಾವಿಯಲ್ಲಿಯೇ ಇರುವುದರಿಂದ ಈ ಎರಡನೆಯದು ನಮ್ಮ ಕಡೆ ಅಪರೂಪವಲ್ಲ. ಎರಡೂ ಒಂದೇ ಗೋಡೆಯ ಮೇಲಿದ್ದರೆ ಸಂಶೋಧಕನಿಗೆ ಒಂದು ಪ್ರಶ್ನೆ ಏಳುತ್ತದೆ. 1942ರಲ್ಲಿ ಈ ತರುಣ ಯಾವ ಕಡೆ ಇದ್ದ?

ಪ್ರಶ್ನೆ ಸಹಜವಾದುದೇ. ಅದೇ ಗೋಕಾಕ ಸೀಮೆಯ ಬಸವರಾಜ ಕಟ್ಟೀಮನಿಯವರು ಚಲೇಜಾವ್ ಚಳವಳಿಯಲ್ಲಿ ಸೆರೆಮನೆ ಕಂಡರು. ಆ ಚಳವಳಿಯನ್ನೇ ವಸ್ತುವಾಗಿಸಿ ‘ಮಾಡಿ ಮಡಿದವರು’ ಬರೆದರು. ಕಾದಂಬರಿಯನ್ನು ಓದಿ ಬೆಳೆದ ನಮಗೆ ಖಾಕಿ ಎಂದೊಡನೆ ಪರಪಕ್ಷವೆಂದು ತೋರುತ್ತದೆ. ಈ ತೀರ್ಪು ಆತುರದ್ದು.

ಕೊಡಗಿನ ಕೆ. ಎಸ್. ತಿಮ್ಮಯ್ಯನವರನ್ನು ನೋಡೋಣ. ಡೆಹರಾಡೂನಿನ ಸೈನಿಕ ಕಾಲೇಜಿನಲ್ಲಿಯೂ ಸ್ಯಾಂಡ್‌ಹರ್ಸ್ಟಿನಲ್ಲಿಯೂ ಕಲಿತು 1926ರಲ್ಲಿ ಅಧಿಕಾರಿಯಾದವರು. 1945ರ ಆರಂಭದಲ್ಲಿ ಬರ್ಮಾದ ಅರಕಾನ್ ಕರಾವಳಿಯ ಕಾಂಗಾವ್ ಕಾಳಗದಲ್ಲಿ 51ನೆಯ ಬ್ರಿಗೇಡಿನ ಮೂರೂ ಪಡೆಗಳಿಗೆ ಭಾರತೀಯರೇ ನಾಯಕರು: ತಿಮ್ಮಯ್ಯ, ಎಸ್. ಪಿ. ಪಿ. ಥೋರಾಟ್, ಎಲ್. ಪಿ. ಸೇನ್. ದೊಡ್ಡ ಪಡೆಗಳನ್ನು ನಡೆಸುವ ಸಾಮರ್ಥ್ಯ ಭಾರತೀಯರಿಗುಂಟೇ ಎಂಬ ಬ್ರಿಟಿಷರ ಅನುಮಾನಕ್ಕೆ ಕಾಂಗಾವ್ ಉತ್ತರವಾಯಿತು. ತಿಮ್ಮಯ್ಯನವರಿಗೆ ಡಿ.ಎಸ್.ಒ. ಪದಕ ಬಂತು. ಆ ಕಾಲದ ಅವರ ಚಿತ್ರಗಳನ್ನು ಕಂಡವರು ಶೌರ್ಯವನ್ನು ಕಾಣುತ್ತಾರೆ, ಇಲ್ಲವೆ ಸಾಮ್ರಾಜ್ಯದ ಸೇವೆಯನ್ನು ಕಾಣುತ್ತಾರೆ.

ಚಿತ್ರದ ಚೌಕಟ್ಟಿನೊಳಗೆ ಇಲ್ಲದವರು ಅಣ್ಣ ಪೊನ್ನಪ್ಪ. ಅವರೂ ಸೇನಾಧಿಕಾರಿಯೇ, ಆದರೆ ಆಜಾದ್ ಹಿಂದ್ ಫೌಜನ್ನು ಸೇರಿದ್ದರು. ಒಂದೇ ಮನೆಯ ಇಬ್ಬರು ಮಕ್ಕಳು, ಒಂದೇ ಯುದ್ಧದ ಎರಡು ಪಕ್ಷ! ತಮ್ಮನಿಗೂ ಈ ಸಂದಿಗ್ಧ ಹೊಸತಾಗಿರಲಿಲ್ಲ. ತಾರುಣ್ಯದಲ್ಲಿ ಅಲಹಾಬಾದಿನಲ್ಲಿ ಮೋತಿಲಾಲ ನೆಹರೂ ಅವರ ಸಂಗಡ ಇದೇ ಮಾತು ಬಂದಾಗ, ಸ್ವತಂತ್ರ ಭಾರತಕ್ಕೂ ಸೇನೆ ಬೇಕಾಗುವುದು, ಕೆಲಸ ಬಿಡಬೇಡಿ ಎಂಬ ಅರ್ಥದ ಸಲಹೆ ಅವರಿಂದ ದೊರೆಯಿತೆಂದು ತಿಮ್ಮಯ್ಯನವರ ಜೀವನಚರಿತ್ರೆ ಹೇಳುತ್ತದೆ. 1957ರಲ್ಲಿ ಅವರು ಭೂಸೇನೆಯ ಮುಖ್ಯಸ್ಥರಾದರು.

ಮಡಿಕೇರಿಯ ಅವರ ಮನೆ ‘ಸನ್ನಿಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಪ್ರಸಿದ್ಧರ ಚಿತ್ರಗಳಿಗೆ ಹೀಗೆ ನೆಲೆ ದೊರೆಯುತ್ತದೆ, ಅವುಗಳ ಸುತ್ತಲಿನ ಕಥೆಯೂ ಉಳಿಯುತ್ತದೆ. ನಮ್ಮ ಹಳ್ಳಿಗಳ ಸಿಪಾಯಿಗಳಿಗೆ ಜೀವನಚರಿತ್ರೆಕಾರರಿಲ್ಲ. ಇರುವುದು ಚಿತ್ರದ ಬೆನ್ನು ಮಾತ್ರ. ಅಲ್ಲಿಯ ಸ್ಟುಡಿಯೋ ಮುದ್ರೆ, ಊರ ಹೆಸರು, ಮಸುಕಾದ ಇಸವಿ, ಇವಿಷ್ಟೇ ದಾಖಲೆ. ಸಂಶೋಧನ ವಿದ್ಯಾರ್ಥಿಗಳು ಮೊಬೈಲಿನಲ್ಲಿ ಮುಖವನ್ನಷ್ಟೇ ಹಿಡಿದು ಬರುತ್ತಾರೆ. ಬೆನ್ನನ್ನೂ ಹಿಡಿಯಿರಿ. ಮನೆಯ ಹಿರಿಯರು ಇರುವಾಗಲೇ, ಗುಂಪಿನಲ್ಲಿ ಯಾರು ಜೈಲಿಗೆ ಹೋದರು, ಯಾರು ದಂಡಿಗೆ ಹೋದರು ಎಂದು ಕೇಳಿ, ಮೃದುವಾದ ಸೀಸದಕಡ್ಡಿಯಿಂದ ಹಿಂಬದಿಯಲ್ಲಿ ಬರೆದಿಡಿರಿ. ಶಾಯಿ ಬೇಡ, ಅದು ಮುಂಬದಿಗೆ ಒಸರುತ್ತದೆ.